ಎರಡು ಡಬ್ಬಿಯ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಹುಚ್ಚು ಎಂದು ನಾನಂತೂ ಹೇಳುವುದಿಲ್ಲ. ಬೈಲಹೊಂಗಲದಲ್ಲಿ ಬೇರೆ ಯಾರಾದರೂ ಹೇಳಿದರೆ ತಡೆಯುವುದೂ ಇಲ್ಲ! ಅರಳೆಯನ್ನು ಬೆರಳಲ್ಲಿ ಹಿಂಜಿ ನೋಡಿ ಕ್ಷಣದಲ್ಲಿ ದರ ಹೇಳುವ ವ್ಯಾಪಾರಿ, ಒಂದು ಸಿಡಿ ಪ್ಲೇಯರ್ ಆರಿಸಲು ಎಂಟು ತಿಂಗಳು ತೆಗೆದುಕೊಂಡ. ಅಷ್ಟರಲ್ಲಿ ಜನ ಹುಡುಗಿ ನೋಡಿ, ಮದುವೆ ಮಾಡಿ, ಸೀಮಂತಕ್ಕೂ ಕರೆಯುತ್ತಾರೆ!

ತೊಂಬತ್ತರ ದಶಕ ಇನ್ನೂ ಮುಗಿದಿರಲಿಲ್ಲ. ದೊಡ್ಡಪ್ಪ ಮತ್ತು ಅವನ ತಮ್ಮನಾದ ನಮ್ಮಪ್ಪ ದಿನಾ ಸಂಜೆ ಪಡಸಾಲೆಯಲ್ಲಿ ಕೂತು ಹಿಂದೂಸ್ತಾನಿ ಸಂಗೀತ ಕೇಳುತ್ತಿದ್ದರು. ಹಳೆಯ ಟೇಪ್ ರೆಕಾರ್ಡರ್ ಕ್ಯಾಸೆಟ್ಟಿನ ರೀಲು ನುಂಗಿ ನುಂಗಿ ಒಂದು ದಿನ ಸುಮ್ಮನಾಯಿತು. ಅದೇ ಹೊತ್ತಿಗೆ ಅಣ್ಣತಮ್ಮಂದಿರ ವಾಟ್ನಿಯ, ಅಂದರೆ ಆಸ್ತಿ ಪಾಲಿನ, ಮಾತೂ ಶುರುವಾಗಿತ್ತು. ಜಗಳವೇನಿಲ್ಲ, ಮಕ್ಕಳು ಬೆಳೆದು ಮನೆ ಸಾಲದಾಗಿತ್ತು. ನಾವು ಹಿಂದಿನ ಓಣಿಯ ಹೊಸ ಮನೆಗೆ ಹೋಗುವುದೆಂದಾಗಿತ್ತು. ಆದರೂ ಬೇರೆಯಾದ ಅಣ್ಣತಮ್ಮಂದಿರು ಬರಬರುತ್ತ ಹಬ್ಬಕ್ಕಷ್ಟೇ ಮುಖ ನೋಡುವುದನ್ನು ಯಾರು ಕಂಡಿಲ್ಲ? ಸಂಜೆಯ ಆ ಬೈಠಕ್ಕು ನಿಂತೇ ಹೋಗುತ್ತದೆಂದು ನನಗೆ ಸಂಕಟ. ದೊಡ್ಡಪ್ಪನಿಗೆ ಮಾತ್ರ ಸಿಡಿ ಪ್ಲೇಯರಿನದೇ ಧ್ಯಾನ!

ಹುಬ್ಬಳ್ಳಿಯ ಅಂಗಡಿಯವನು ಎರಡು ಬಗೆ ತೋರಿಸಿದ. ಒಂದರಲ್ಲಿ ಎಲ್ಲವೂ ಒಂದೇ ಡಬ್ಬಿಯೊಳಗೆ. ಇನ್ನೊಂದರಲ್ಲಿ ಎರಡು ಡಬ್ಬಿ: ಒಂದು ಸಿಡಿಯನ್ನು ಓದುತ್ತದೆ, ಮತ್ತೊಂದು ಓದಿದ್ದನ್ನು ಸ್ವರ ಮಾಡುತ್ತದೆ.

"ಅಂದ್ರ ಡಾಕ್ಟರ್ ಚೀಟಿ ಬರೀತಾನ, ಕಂಪೌಂಡರ್ ಔಷಧ ಕೊಡತಾನ, ಹಂಗೇನ್ರಿ?" ಎಂದ ದೊಡ್ಡಪ್ಪ.

"ಹಂಗ ತಿಳ್ಕೋರಿ."

"ಒಬ್ಬಾವ ರಜಾ ಹಾಕಿದ್ರ?"

"ಹಾಡ ಬಂದ್ ರೀ!"

ಈ ಉತ್ತರಕ್ಕೆ ದೊಡ್ಡಪ್ಪ ಯಾಕಷ್ಟು ಖುಷಿಪಟ್ಟನೋ, ಪಾಪ, ಅಂಗಡಿಯವನಿಗೂ ತಿಳಿಯಲಿಲ್ಲ.

ಆದರೂ ಪರೀಕ್ಷೆ ಬೇಡವೇ? ಸವದತ್ತಿಯ ಗೆಳೆಯರ ಮನೆಯಲ್ಲಿ ಒಂದು ಡಬ್ಬಿಯದಿತ್ತು. ದೊಡ್ಡಪ್ಪ ಕಣ್ಣು ಮುಚ್ಚಿ ಕೇಳಿ, "ತಬಲಾ ಭಾಳ ಹಿಂದ ಕುಂತೈತಿ" ಎಂದು ತೀರ್ಪು ಕೊಟ್ಟ. ಚಹಾ ತಂದ ಗೆಳೆಯರ ಹೆಂಡತಿ, "ಹಂಗಾರ ನೀವ ಒಂಚೂರು ಮುಂದ ಸರೀರಿ" ಎಂದರು! ರಾಮದುರ್ಗದ ಬೀಗರ ಮನೆಯಲ್ಲಿ ಎರಡು ಡಬ್ಬಿಯದಿತ್ತು. ನಾವು ಕೂರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಒಂದು ತಾಸು ಕಾದು ಎದ್ದ ದೊಡ್ಡಪ್ಪ, "ಹಾಡಿನ ಮಾತು ಬಿಡ್ರಿ, ನಿಶ್ಶಬ್ದನ ಎಷ್ಟ ಸ್ವಚ್ಛ ಐತಿ!" ಎಂದು ತಲೆದೂಗಿದ.

"ಅಣ್ಣಾ, ನಮಗ ಒಂದ ಡಬ್ಬಿ ಸಾಕಲ್ಲ?" ಎಂದು ಅಪ್ಪ ಗೋಗರೆದ. ದೊಡ್ಡವ್ವ, "ಎರಡೆರಡು ಡಬ್ಬಿ ಧೂಳ ಯಾರ ಒರಸಾವ್ರು?" ಎಂದಳು. ಯಾರ ಮಾತು ಯಾರು ಕೇಳಬೇಕು? ಎರಡು ಡಬ್ಬಿಯೇ ಬಂದವು.

ವಾಟ್ನಿಯ ದಿನ ಹಿರಿಯರು ಬಂದು ಕೂತರು. ಹೊಲ, ಮನೆ ಮೊದಲೇ ಇತ್ಯರ್ಥವಾಗಿದ್ದವು, ಉಳಿದದ್ದು ಸಾಮಾನು. ನಮ್ಮಲ್ಲಿ ಅಣ್ಣ ಪಾಲು ಮಾಡಬೇಕು, ತಮ್ಮ ಮೊದಲು ಆರಿಸಬೇಕು; ಅಲ್ಲಿಗೆ ಮೋಸದ ಮಾತೇ ಇಲ್ಲ. ದೊಡ್ಡಪ್ಪ ಹಂಡೆ, ಕೊಡ, ಪರಾತಗಳನ್ನು ಎರಡು ಗುಂಪು ಮಾಡಿದ. ಕೊನೆಗೆ ಈ ಗುಂಪಿನ ಮೇಲೊಂದು ಡಬ್ಬಿ, ಆ ಗುಂಪಿನ ಮೇಲೊಂದು ಡಬ್ಬಿ ಇಟ್ಟ!

ಹಿರಿಯರೊಬ್ಬರು ನಕ್ಕರು: "ಸಾವಕಾರ್ರ, ಅವು ಜೋಡಿ ಅಲ್ಲೇನ್ರಿ? ಬ್ಯಾರಿ ಮಾಡಿದ್ರ ಹಾಡತಾವೇನು?"

"ಹಾಡೂದಿಲ್ರಿ," ಎಂದ ದೊಡ್ಡಪ್ಪ. "ಅದಕ್ಕ ತಂದೇನಿ. ಒಂದ ಡಬ್ಬಿ ತಂದಿದ್ರ ಯಾರರೆ ಒಬ್ರ ಮನ್ಯಾಗ ಕುಂತ ಬಿಡ್ತಿತ್ತು. ಇನ್ನೊಬ್ಬಾವ ಎದಕ್ಕ ಬರ್ತಿದ್ದ?"

ಎಂಟು ತಿಂಗಳು ಈ ಮನುಷ್ಯನನ್ನು ನೋಡಿ ನಕ್ಕಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅಪ್ಪ ಹಂಡೆ, ಕೊಡಗಳತ್ತ ನೋಡಲೂ ಇಲ್ಲ. ಕೈಗೆ ಹತ್ತಿರವಿದ್ದ ಡಬ್ಬಿಯನ್ನು ಎತ್ತಿ ಎದೆಗೊತ್ತಿಕೊಂಡು ಕೇಳಿದ:

"ಅಣ್ಣಾ, ಸಂಜಿಕ ಎಷ್ಟಕ್ಕ ಬರ್ಲಿ?"