ಇಷ್ಟ ವರ್ಷ ಎಂಥಾ ಟ್ರೇನಿಂಗ್‌ರಿ?

ಸಂಶೋಧನೆ ಬಲು ಗಂಭೀರವಾದ ಕೆಲಸ ಅಂತ ನಾನೂ ನಂಬಿಕೊಂಡಿದ್ದೆ, ಅದನ್ನು ಇನ್ನೊಬ್ಬರಿಗೆ ಕಲಿಸುವ ಪಾಳಿ ನನಗೆ ಬರುವವರೆಗೆ.

ನಾನು ಅಣ್ಣಿಗೇರಿಯವಳು. ದಿನಾ ರೈಲು ಹತ್ತಿ ಧಾರವಾಡಕ್ಕೆ ಹೋಗಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗಕ್ಕೆ ಒಂದು ಸಂಶೋಧನಾ ತರಬೇತಿ ಅನುದಾನ ಬಂತು. ಹಳ್ಳಿಯಿಂದ ಬಂದು ಎಂ.ಎ. ಮುಗಿಸಿದವರನ್ನು ಆರಿಸಿ, ಶಿಷ್ಯವೇತನ ಕೊಟ್ಟು, ಪಿಎಚ್.ಡಿ. ಮುಗಿಯುವತನಕ ಒಬ್ಬ ಮಾರ್ಗದರ್ಶಕರ ಕೈಗೆ ಒಪ್ಪಿಸುವುದು ಅದರ ಉದ್ದೇಶ. ನನ್ನ ಕೈಗೆ ಬಂದವಳು ಶಲವಡಿಯ ಹುಡುಗಿ, ಹಿಟ್ಟಿನ ಗಿರಣಿಯವರ ಮಗಳು. ಹೊಲದ ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ದಿನದಲ್ಲಿ ಬಿಡುವು ಅಂತ ಏನಾದರೂ ಸಿಗುತ್ತದೆಯೇ, ಸಿಕ್ಕರೆ ಅದನ್ನು ಏನು ಮಾಡುತ್ತಾರೆ ಎಂಬುದು ಅವಳ ವಿಷಯ. ವಿಶ್ವವಿದ್ಯಾಲಯದವರು ನನಗೊಂದು ಮಾರ್ಗದರ್ಶಕರ ಕೈಪಿಡಿಯನ್ನೂ ಕೊಟ್ಟಿದ್ದರು. ಅದರಲ್ಲಿ ಎಲ್ಲಾ ಇತ್ತು. ನಮಗೆ ಆದದ್ದು ಮಾತ್ರ ಇರಲಿಲ್ಲ.

ಗೈಡ್

ಅವಳು ಸೇರಿದ ವಾರವೇ ಅವಳಪ್ಪ ವಿಭಾಗಕ್ಕೆ ಬಂದರು. ಜೀವಮಾನವೆಲ್ಲ ಗಿರಣಿಯ ಸದ್ದನ್ನು ಮೀರಿಸಿ ಮಾತಾಡಿದವರು. ಸಾದಾ ಮಾತಾಡಿದರೂ ಕಾರಿಡಾರಿನ ಆ ತುದಿಗೆ ಕೇಳುತ್ತಿತ್ತು. ನಾನು ಒಳಗೆ ಕೂತಿದ್ದೆ. ಹೊರಗೆ ನಮ್ಮ ಜವಾನರನ್ನು ಕೇಳುತ್ತಿದ್ದರು.

“ನನ್ನ ಮಗಳಿಗೆ ಗೈಡ್ ಸಿಕ್ಕೈತಿ ಅಂತ ಹೇಳಿದ್ಲು. ಒಮ್ಮೆ ನೋಡಿ ಹೋಗೂಣು ಅಂತ ಬಂದೆ. ಹೊಸಾದೇನ್ರಿ, ಹಳೇದೇನ್ರಿ?”

ನಮ್ಮ ಜವಾನರು ಸ್ವಲ್ಪ ಕಿಡಿಗೇಡಿ. “ಹಳೇದ್ರಿ. ನಾ ಕೆಲಸಕ್ಕ ಸೇರೂಕಿಂತ ಮೊದಲಿಂದ ಇಲ್ಲೇ ಐತಿ,” ಅಂದರು.

“ಹಳೇದಾದ್ರೂ ಅಡ್ಡಿಯಿಲ್ಲ. ಹಾಳಿ ಹರದಿಲ್ಲಲ್ಲ?”

ಅಷ್ಟಕ್ಕೆ ನಾನೇ ಎದ್ದು ಹೊರಗೆ ಬಂದೆ. “ಬರ್ರಿ ಒಳಗ. ನಾನ ರೀ ಆಕಿ ಗೈಡು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಂದು ಕೂತರು. ಎಸ್ಸೆಸ್ಸೆಲ್ಸಿಗೆ ಗೈಡ್ ಕೊಡಿಸಿದ್ದರಂತೆ, ಪಿಯುಸಿಗೂ ಕೊಡಿಸಿದ್ದರಂತೆ. ಎರಡರಲ್ಲೂ ಪ್ರಶ್ನೆಯ ಕೆಳಗೇ ಉತ್ತರ ಅಚ್ಚಾಗಿತ್ತಂತೆ.

“ಅಕ್ಕಾರ, ನಿಮ್ಮ ಹಂತೇಕ ಎಲ್ಲಾ ಉತ್ತರ ಅದಾವೇನ್ರಿ?”

“ಇಲ್ಲರಿ. ನನ್ನ ಹಂತೇಕ ಬರೇ ಪ್ರಶ್ನೆ ಅದಾವು. ಉತ್ತರ ಆಕೀನ ಹುಡುಕಬೇಕು.”

ಅವರು ಕುರ್ಚಿ ಮುಂದೆ ಎಳೆದುಕೊಂಡರು. ಆಮೇಲೆ, ನನಗೆ ಬೇಜಾರಾಗದಂತೆ, ತಮಗೆ ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ ಕೇಳಿದರು:

“ಹಂಗಾರ ಗೈಡ್ ಯಾಕ ಬೇಕ್ರಿ?”

ಮಾರ್ಗದರ್ಶನದ ಬಗ್ಗೆ ನಾನು ಎಷ್ಟೋ ಕಮ್ಮಟಗಳಿಗೆ ಹೋಗಿ ಬಂದಿದ್ದೇನೆ. ಇಷ್ಟು ನೇರವಾಗಿ ಯಾರೂ ಕೇಳಿಲ್ಲ. ಅವತ್ತು ಅವರಿಗೆ ಚಹಾ ತರಿಸಿ ಮಾತು ಮರೆಸಿದೆ.

ಬೂಟು

ಅನುದಾನಕ್ಕೆ ಪ್ರಸ್ತಾವನೆ ಬರೆಯುವಾಗ, ಕೆಲಸಕ್ಕೆ ಬರಬಹುದಾದ ಅಡಚಣೆಗಳನ್ನೂ ಬರೆಯಿರಿ ಅಂತ ವಿಶ್ವವಿದ್ಯಾಲಯದ ಅನುದಾನ ವಿಭಾಗದವರು ಹೇಳಿದ್ದರು. ಒಳ್ಳೆಯ ಜನ, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪ್ರತಿ ಸಾಲನ್ನೂ ತಿದ್ದಿಸಿದರು. ನಾನು ಇದ್ದದ್ದನ್ನೇ ಬರೆದೆ: ಮಳೆ ಬಿದ್ದರೆ ಎರೆ ಹೊಲದ ಅಂಟು ಮಣ್ಣಿನಲ್ಲಿ ಕಾಲಿಡಲು ಬರುವುದಿಲ್ಲ. ಎಲ್ಲೋ ದೂರದಲ್ಲಿ ಕೂತು ಅದನ್ನು ಓದಿದ ಸಮಿತಿಯಿಂದ ಉತ್ತರ ಬಂತು: ‘ಸೂಕ್ತ ಪಾದರಕ್ಷೆ ಒದಗಿಸಿ.’

ಮೊಣಕಾಲುದ್ದದ ರಬ್ಬರ್ ಬೂಟು ತಂದೆವು, ಅವಳಿಗೊಂದು ಜೋಡಿ, ನನಗೊಂದು ಜೋಡಿ. ಮಳೆ ನಿಂತು ಹೊಳವಾದ ಮೇಲೆ ಅವಳು ಅಧ್ಯಯನಕ್ಕೆ ಆರಿಸಿಕೊಂಡ ಮೊರಬ ಹಳ್ಳಿಯಲ್ಲಿ ಹೆಸರುಕಾಳಿನ ಒಂದು ಹೊಲಕ್ಕೆ ಹೋದೆವು. ಹುಡುಗಿ ಬದುವಿನಿಂದ ಇಳಿದು ಎರಡು ಹೆಜ್ಜೆ ಹಾಕಿದಳು. ಮುಂದಿನ ಹೆಜ್ಜೆಗೆ ಕಾಲು ಮೇಲೆ ಬಂತು, ಬೂಟು ಬರಲಿಲ್ಲ. ಎಳೆಯಲು ಹೋದ ನನ್ನವೂ ಅಲ್ಲೇ ಕೂತವು. ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಬರಿಗಾಲಲ್ಲಿ ಬಂದು, ನಗುತ್ತಲೇ ನಮ್ಮಿಬ್ಬರನ್ನು ಕಿತ್ತು ಬದುವಿನ ಮೇಲಿಟ್ಟರು. ಸಂಶೋಧಕಿ, ಗೈಡು ಇಬ್ಬರನ್ನೂ ಮೂಲಂಗಿ ಕಿತ್ತಂಗೆ ಕಿತ್ತ ಮೇಲೆ ಅವರಿಗೆ ನಮ್ಮ ಬಗ್ಗೆ ಯಾವ ಸಂಕೋಚವೂ ಉಳಿಯಲಿಲ್ಲ. ಅವತ್ತಿನಿಂದ ಬಾಯಿ ಬಿಟ್ಟು ಮಾತಾಡತೊಡಗಿದರು.

ವರ್ಷದ ಕೊನೆಗೆ, ಕೊಂಡ ಸಾಮಾನುಗಳು ಸದ್ಯ ಎಲ್ಲಿವೆ ಅಂತ ಕಚೇರಿಯವರು ಕೇಳಿದರು. ಹುಡುಗಿ ಸುಳ್ಳು ಹೇಳುವವಳಲ್ಲ.

“ಇನ್ನೂ ಕ್ಷೇತ್ರಕಾರ್ಯದಾಗ ಅದಾವ್ರಿ,” ಅಂದಳು.

ಹೂಂ, ಮುಂದ?

ಸಂದರ್ಶನ ಹೇಗೆ ಮಾಡಬೇಕು ಅಂತ ಅವಳಿಗೆ ಕಲಿಸಿದ್ದೆ. ನೀನು ಕಡಿಮೆ ಮಾತಾಡಬೇಕು. ಅವರು ಸುಮ್ಮನಾದರೆ ಅವಸರ ಮಾಡಬಾರದು. ‘ಹೂಂ, ಮುಂದ?’ ಅಂದು ಕಾಯಬೇಕು.

ಮೊರಬದಲ್ಲಿ ಒಬ್ಬ ಮುದುಕಿಯ ಮನೆಯ ಕಟ್ಟೆಯ ಮೇಲೆ ಅವಳ ಮೊದಲ ಸಂದರ್ಶನ. ನಾನು ಅಡ್ಡ ಬರಬಾರದು ಅಂತ ಅವಳ ಹಿಂದೆ, ಕಂಬದ ಬಾಜೂಕ ಕೂತೆ.

“ಆಯಿ, ಮುಂಜಾನೆ ಎಷ್ಟಕ್ಕ ಏಳ್ತೀರಿ?”

“ನೀ ಎಷ್ಟಕ್ಕ ಏಳ್ತಿ ಬೇ?”

“ನಾನು… ಆರಕ್ಕ ಏಳ್ತೀನ್ರಿ.”

“ಹೂಂ, ಮುಂದ?” ಅಂದಳು ಆಯಿ.

ಹುಡುಗಿ ಸಿಕ್ಕಿಬಿದ್ದಳು. ಎದ್ದು ಕಸ ಹೊಡೆಯುವುದು, ಟೆಂಪೋ ಹಿಡಿದು ಅಣ್ಣಿಗೇರಿಗೆ ಬರುವುದು, ರೈಲು, ಗ್ರಂಥಾಲಯ, ಎಲ್ಲ ಹೇಳಿದಳು. ಅಪ್ಪನ ಗಿರಣಿ ಹೇಳಿದಳು. ಆಯಿ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದಳು: “ಲಗ್ನ?”

ಹುಡುಗಿ ಸುಮ್ಮನಾದಳು. ಆಯಿ ಅವಸರ ಮಾಡಲಿಲ್ಲ. ಎಲೆ ಮಡಚಿ ಬಾಯಿಗಿಟ್ಟುಕೊಂಡಳು.

“ಹೂಂ, ಮುಂದ?”

“ಸೋಮವಾರ ನೋಡಾಕ ಬರಾಕತ್ತಾರ್ರಿ ಆಯಿ. ಅವರು ಒಪ್ಪಿದ್ರ ನಾ ಈ ಓದು ಬಿಡಬೇಕಾಗತೈತಿ. ನನಗ ಬಿಡಾಕ ಮನಸಿಲ್ಲ. ಮೇಡಮ್ಮರಿಗೆ ಇನ್ನೂ ಹೇಳಿಲ್ಲ. ಹೆಂಗ ಹೇಳ್ಲಿ ಅಂತ ತಿಳೀವಲ್ತು.”

ಕಂಬದ ಬಾಜೂಕ ಕೂತ ನನಗೆ ಏಳಬೇಕೋ ಕೂಡಬೇಕೋ ತಿಳಿಯಲಿಲ್ಲ. ದಿನಾ ಪಕ್ಕದಲ್ಲೇ ಕೂತು ಪ್ರಯಾಣ ಮಾಡುವ ಹುಡುಗಿ ಇದನ್ನು ನನಗೆ ಹೇಳಲಾಗದೆ, ಈಗಷ್ಟೇ ಕಂಡ ಮುದುಕಿಗೆ ಹೇಳಿದ್ದಳು. ನಾನು ಅವಳನ್ನು ಕೇಳುತ್ತಿದ್ದದ್ದು ಬರೀ ‘ಅಧ್ಯಾಯ ಎಲ್ಲಿಗೆ ಬಂತು’ ಅಂತ.

ಆಯಿ ನನ್ನ ಕಡೆ ಗದ್ದ ಎತ್ತಿ ತೋರಿಸಿದಳು.

“ಆಕಿ ಅಲ್ಲೇ ಕುಂತಾಳಲ್ಲ. ಈಗ ಹೇಳಿದಂಗಾತು ಬಿಡು.”

ಮಂದ ಬುದ್ಧಿ

ಭಾನುವಾರ ಶಲವಡಿಗೆ ಹೋದೆ. ಗಿರಣಿ ಬಂದ್ ಮಾಡಿ ಅವಳಪ್ಪ ನನ್ನ ಮಾತು ಕೇಳಿದರು. ಮದುವೆ ಬೇಡ ಅನ್ನುವುದಿಲ್ಲ, ಓದು ಮಾತ್ರ ನಡುವೆ ನಿಲ್ಲಬಾರದು, ಬೇಕಿದ್ದರೆ ಕೆಲವು ತಿಂಗಳು ಬಿಡುವು ತೆಗೆದುಕೊಂಡು ಮತ್ತೆ ಬರಲು ಅನುದಾನದಲ್ಲೇ ಅವಕಾಶವಿದೆ ಅಂದೆ. ಅವರು ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತಾ ತಲೆ ಬಗ್ಗಿಸಿ ಕೂತಿದ್ದರು.

“ಛಲೋ ಮನಿತನ ಅಕ್ಕಾರ. ಕೈಬಿಟ್ಟು ಹೋದ್ರ ಮತ್ತ ಸಿಗೂದು ಕಷ್ಟ. ನಾಳೆ ನೀವೂ ಬರ್ರಿ, ಅವರಿಗೆ ನೀವ ತಿಳಿಸಿ ಹೇಳ್ರಿ. ನನಗ ಇದನ್ನ ಹೇಳಾಕ ಬರಂಗಿಲ್ಲ.”

ಮರುದಿನ ಹೋದೆ. ಬಂದವರಿಗೆ ಅವಲಕ್ಕಿ ಆಯಿತು, ಚಹಾ ಬಂತು. ಹುಡುಗ ಪಾಪ ಸುಮ್ಮನೆ ನೆಲ ನೋಡುತ್ತಿದ್ದ. ಮಾತೆಲ್ಲ ಅವನ ಕಾಕಾನದು.

“ಹುಡಿಗಿ ಈಗ ಏನ ಮಾಡಾಕತ್ತಾಳ್ರಿ?”

“ವಿಶ್ವವಿದ್ಯಾಲಯದಾಗ ಟ್ರೇನಿಂಗ್ ನಡದೈತ್ರಿ,” ಅಂದರು ಅವಳಪ್ಪ.

“ಹೌದಾ! ಎಷ್ಟ ದಿವಸದ್ದು?”

ಅಪ್ಪ ನನ್ನ ಮುಖ ನೋಡಿದರು. “ಇನ್ನ ಮೂರು-ನಾಕು ವರ್ಷ ಹಿಡಿತೈತ್ರಿ,” ಅಂದೆ.

ಕಾಕಾ ಕಪ್ಪು-ಬಸಿ ಕೆಳಗಿಟ್ಟರು. “ಇಷ್ಟ ವರ್ಷ ಎಂಥಾ ಟ್ರೇನಿಂಗ್‌ರಿ? ನಮ್ಮ ಹುಡುಗ ಕಂಡಕ್ಟರ್ ಟ್ರೇನಿಂಗ್ ತಿಂಗಳೊಪ್ಪತ್ತಿನಾಗ ಮುಗಿಸ್ದ. ಇವರಣ್ಣ ಮಾಸ್ತರಕಿ ಟ್ರೇನಿಂಗ್ ಎರಡ ವರ್ಷಕ್ಕ ಮುಗಿಸ್ದ.” ಆಮೇಲೆ ಮುಂದೆ ಬಗ್ಗಿ, ನಿಜವಾದ ಕನಿಕರದಿಂದ ಕೇಳಿದರು: “ತಪ್ಪ ತಿಳೀಬ್ಯಾಡ್ರಿ. ಹುಡಿಗಿದು ಬುದ್ಧಿ ಸ್ವಲ್ಪ ಮಂದ ಐತೇನ್ರಿ? ಇದ್ರ ಈಗ ಹೇಳಿಬಿಡ್ರಿ, ಆಮ್ಯಾಲ ಮನಸ್ತಾಪ ಬ್ಯಾಡ.”

ಅವಳಪ್ಪ ಎದ್ದು ನಿಂತರು. ಈ ಸಲ ದನಿ ಗಿರಣಿಯದೇ.

“ಮಂದ? ನನ್ನ ಮಗಳು? ಇಡೀ ಶಲವಡಿಯಾಗ ಕೇಳಿ ಬರ್ರಿ! ಅಕ್ಕಾರ, ಈ ಟ್ರೇನಿಂಗ್ ಮುಗದ ಮ್ಯಾಲ ಇದಕ್ಕಿಂತ ದೊಡ್ಡದು ಮತ್ತೊಂದು ಐತೇನ್ರಿ?”

“ಐತ್ರಿ. ಪಿಎಚ್.ಡಿ. ಆದವರಿಗೆ ಇನ್ನೊಂದು ಎರಡ ವರ್ಷದ್ದು…”

“ಅದಕ್ಕೂ ಈಕಿ ಹೆಸರು ಹಚ್ಚಿಬಿಡ್ರಿ!”

ಒಳಬಾಗಿಲ ಹಿಂದೆ ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನಾನು ಭಾನುವಾರವಿಡೀ ಹೇಳಿದ ಮಾತಿನಿಂದ ಆಗದ ಕೆಲಸ ಆ ಕಾಕಾನ ಒಂದು ಅನುಮಾನದಿಂದ ಆಯಿತು, ಓದು ನಿಲ್ಲಲಿಲ್ಲ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅವರ ಹೆಸರೂ ಹಾಕೋಣ ಅಂದೆ. ಹುಡುಗಿ ಒಪ್ಪಲಿಲ್ಲ.

ಒಂದೇ ಡಬ್ಬಿ

ತರಬೇತಿ ಹೇಗೆ ನಡೆದಿದೆ ಅಂತ ನೋಡಲು ಹೊರಗಿನಿಂದ ಒಬ್ಬ ತಜ್ಞರು ಬಂದರು. ಮಾರ್ಗದರ್ಶಕರನ್ನು ಹೊರಗೆ ಕಳಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುವುದು ಪದ್ಧತಿ. ಒಳಗೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು.

“ನಿಮ್ಮ ಮಾರ್ಗದರ್ಶಕರು ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ?”

“ದಿನಾ ಸಿಗ್ತಾರ್ರಿ. ಮುಂಜಾನೆ ಒಮ್ಮೆ, ಸಂಜೀಕೊಮ್ಮೆ.”

“ದಿನಕ್ಕೆ ಎರಡು ಸಲವೇ?”

“ತಪ್ಪಿಸ್ಕೊಳ್ಳಾಕ ಬರಂಗಿಲ್ಲರಿ ಸರ. ಒಂದ ರೈಲು, ಒಂದ ಡಬ್ಬಿ. ಒಮ್ಮೆ ಬರಿಯೂದು ಮುಗದಿಲ್ಲಂತ ಬ್ಯಾರೆ ಡಬ್ಬಿ ಹತ್ತಿದ್ದೆ. ಹುಬ್ಬಳ್ಳಿಯಾಗ ಇಳದು ಹುಡುಕ್ಕೊಂಡು ಬಂದ್ರು.”

ತಜ್ಞರು ಬಹಳ ಮೆಚ್ಚಿಕೊಂಡರು. ವರದಿಯಲ್ಲಿ ಅದಕ್ಕೆ ‘ಚಲಿಸುವ ಮಾರ್ಗದರ್ಶನ’ ಅಂತ ಹೆಸರಿಟ್ಟು, ಇತರರಿಗೂ ಮಾದರಿ ಅಂತ ಬರೆದರು. ಸುದ್ದಿ ಎಲ್ಲ ವಿಭಾಗಗಳಿಗೂ ಹೋಯಿತು. ಮರುವಾರ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಕೋಣೆಗೆ ಬಂದು ನಿಂತರು. ಅವರ ಮನೆ ಕ್ಯಾಂಪಸ್ಸಿನ ಒಳಗೇ, ವಿಭಾಗದ ಎದುರಿಗೇ ಇದೆ.

“ಮೇಡಂ,” ಅಂದರು, “ನಾ ಎಲ್ಲಿಗೆ ಚಲಿಸ್ಲಿ?”

ಪ್ರಶ್ನೆ ಮಾತ್ರ

ಕೊನೆಗೆ ಅವಳ ಮೌಖಿಕ ಪರೀಕ್ಷೆಯ ದಿನ ಬಂತು. ಅದು ಬಹಿರಂಗ ಪರೀಕ್ಷೆ, ಯಾರು ಬೇಕಾದರೂ ಬಂದು ಕೂಡಬಹುದು. ಶಲವಡಿಯಿಂದ ಟೆಂಪೋ ತುಂಬಾ ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಅವಳವ್ವ, ಇಳಕಲ್ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇಷ್ಟು ವರ್ಷದಲ್ಲಿ ಆ ತಾಯಿ ನನ್ನ ಹತ್ತಿರ ‘ಚಾ ಕುಡೀರಿ’ ಅನ್ನುವುದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ.

ಪರೀಕ್ಷಕರು ಬಿಗಿ ಮನುಷ್ಯ. ಕನ್ನಡಕದ ಮೇಲಿಂದ ನೋಡಿ ಕೇಳಿದರು: “ಕೂಲಿಯ ಹೆಣ್ಣುಮಕ್ಕಳಿಗೆ ಬಿಡುವೇ ಇಲ್ಲ ಎಂದು ಬರೆದಿದ್ದೀರಿ. ಆದರೆ ಸಂಜೆ ಮನೆಗೆ ಒಯ್ಯುವ ಟ್ರ್ಯಾಕ್ಟರ್ ಬರುವವರೆಗೆ ಬದುವಿನ ಮೇಲೆ ಕೂತು ಮಾತಾಡುತ್ತಾರೆ ಎಂದೂ ನೀವೇ ಬರೆದಿದ್ದೀರಿ. ಅದು ಬಿಡುವಲ್ಲವೇ? ನಿಮ್ಮ ಮಾತು ನಿಮಗೇ ಎದುರು ನಿಂತಿದೆಯಲ್ಲ?”

ಅದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಅವಳ ಇಡೀ ಪ್ರಬಂಧವೇ ಆ ಉತ್ತರ. ಆದರೆ ಹುಡುಗಿಯ ಬಾಯಿ ಕಟ್ಟಿತು. ಗೈಡ್ ಆದವರು ಅಲ್ಲಿ ತುಟಿ ಬಿಚ್ಚುವಂತಿಲ್ಲ. ಇಷ್ಟು ವರ್ಷ ಜೊತೆಗಿದ್ದು, ಬೇಕಾದ ಒಂದು ಗಳಿಗೆಯಲ್ಲಿ ಸುಮ್ಮನೆ ಕೂಡಬೇಕಾದದ್ದು ಬಹಳ ಕಷ್ಟ.

ಆಗ ಅವ್ವ ಎದ್ದು ನಿಂತರು.

“ಹೇಳ ಬೇ! ಮನ್ಯಾಗ ಎಷ್ಟ ಛಲೋ ಹೇಳಿದ್ದಿ! ಕೂತಿರೂದು ಬಿಡುವಲ್ಲ, ಯಾಕಂದ್ರ…”

ಸಭೆಯ ಅಧ್ಯಕ್ಷರು ಗಾಬರಿಯಾಗಿ ಕೈ ಎತ್ತಿದರು. “ಅಮ್ಮಾ, ಸಭಿಕರು ಉತ್ತರ ಹೇಳುವಂತಿಲ್ಲ. ಪ್ರಶ್ನೆ ಇದ್ದರೆ ಮಾತ್ರ ಕೇಳಬಹುದು.”

ಅವ್ವ ಸೆರಗು ಸರಿಮಾಡಿಕೊಂಡರು.

“ಹಂಗಾರ ಪ್ರಶ್ನೆ ಕೇಳ್ತೀನ್ರಿ. ಟ್ರ್ಯಾಕ್ಟರ್ ಹಾದಿ ಕಾಯ್ಕೊಂತ ಬದುವಿನ ಮ್ಯಾಲ ಕೂತವ್ರು ಮನಿಗೆ ಹೋಗಾಕೂ ಬರಂಗಿಲ್ಲ, ಮಲಗಾಕೂ ಬರಂಗಿಲ್ಲ, ಆ ಹೊತ್ತಿಗೆ ಕೂಲೀನೂ ಇಲ್ಲ. ಅದು ಅವರ ಹೊತ್ತಲ್ಲ, ಟ್ರ್ಯಾಕ್ಟರಿನವನ ಹೊತ್ತು. ತನಗ ಬೇಕಂದಾಗ ಏಳಾಕ ಬಂದ್ರ ಅದು ಬಿಡುವು, ಇಲ್ಲಂದ್ರ ಅದೂ ದುಡಿತದಾಗ ಬಂತು ಅಂತ ನೀ ಮೊನ್ನೆ ರೊಟ್ಟಿ ಬಡಿಯೂಮುಂದ ನನಗ ಹೇಳಿದ್ದಿ. ಹೇಳಿದ್ದೋ ಇಲ್ಲೋ? ಇದು ನನ್ನ ಪ್ರಶ್ನೆ.”

ಹಿಂದಿನ ಸಾಲಿನವರು ಚಪ್ಪಾಳೆ ಹೊಡೆದರು. ಅಧ್ಯಕ್ಷರು ನಿಯಮ ನೆನಪಿಸಿಕೊಳ್ಳುವಂತೆ ಛಾವಣಿ ನೋಡಿದರು. ಹುಡುಗಿ ನಕ್ಕುಬಿಟ್ಟಳು. ನಕ್ಕದ್ದೇ ತಡ, ಕಟ್ಟಿದ ಬಾಯಿ ಬಿಚ್ಚಿತು. “ಹೇಳಿದ್ದೆ ಯವ್ವಾ,” ಅಂದವಳು ಪರೀಕ್ಷಕರ ಕಡೆ ತಿರುಗಿ, ಮೊರಬದ ಒಬ್ಬೊಬ್ಬ ಹೆಣ್ಣುಮಗಳ ಮಾತು ಎತ್ತಿ ಎತ್ತಿ ಹೇಳಿದಳು. ಅವ್ವನ ಮಾತಿನಾಚೆಗೂ ಹೋದಳು. ಕಾಯಿಸುವವರು ಯಾರು, ಕಾಯುವವರು ಯಾರು ಅನ್ನುವುದನ್ನು ಎಷ್ಟು ಸ್ಪಷ್ಟವಾಗಿ ಇಟ್ಟಳೆಂದರೆ ನಾನೇ ಬರೆದುಕೊಂಡೆ. ಬಿಗಿ ಮನುಷ್ಯ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು.

ಅವಳು ಮುಗಿಸಿದಾಗ ಪರೀಕ್ಷಕರೇ, ಅಲ್ಲಿಯವರೆಗೆ ನಗದವರು, ಸಣ್ಣಗೆ ನಗುತ್ತಾ ಪದ್ಧತಿಯಂತೆ ಅವ್ವನ ಕಡೆ ತಿರುಗಿದರು.

“ಅಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಸಮಾಧಾನವಾಯಿತೇ?”

“ಅಗದಿ ಬರೋಬ್ಬರಿ ಆತ್ರಿ,” ಅಂದರು ಅವ್ವ, ಕೂಡುತ್ತಾ. “ಇನ್ನ ನೀವು ಏನ ಕೇಳೂದೈತಿ ಕೇಳ್ರಿ. ಈಗ ಆಕೀಗೆ ಧೈರ್ಯ ಬಂದೈತಿ.”