ಈದ್ಯೆನ್ ಮತ್ತು ನನ್ನ ದುಭಾಷಿ ಕೆಲಸ

ಭಾಷೆಯೊಂದನ್ನು ಪೂರ್ತಿ ಕಲಿತವನಿಗಿಂತ ಅದರ ಒಂದೇ ಪದ ಕಲಿತವನು ಹೆಚ್ಚು ಅಪಾಯಕಾರಿ. ಅನುಭವದಿಂದ ಹೇಳುತ್ತಿದ್ದೇನೆ. ಮೈಸೂರಿನ ಸುದ್ದಿಮನೆಯಲ್ಲಿದ್ದಾಗ ‘ಸ್ವಲ್ಪ ಹಾನಿ’, ‘ಸ್ವಲ್ಪ ಗದ್ದಲ’ ಎಂದು ಬರೆದು ತಂದ ವರದಿಗಾರರನ್ನು “ಸ್ವಲ್ಪ ಅಂದ್ರೆ ಎಷ್ಟಪ್ಪಾ?” ಎಂದು ಗೋಳು ಹೊಯ್ದುಕೊಳ್ಳುತ್ತಿದ್ದವನು ನಾನು. ಅಂಥವನು ಪರದೇಶದ ಕ್ರಾಸ್‌ರೋಡ್ಸ್ ಎಂಬ ಬಡಾವಣೆಯ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಎದುರುಮನೆಯ ಲಿನ್ ಅಜ್ಜಿಯಿಂದ ಕಲಿತ ಏಕೈಕ ಚೀನೀ ಮಾತು ‘ಈದ್ಯೆನ್’. ಅರ್ಥ, ಒಂಚೂರು. ಮಳೆ ಬರುತ್ತಿದೆಯೇ? ಈದ್ಯೆನ್. ಮಂಡಿನೋವು? ಈದ್ಯೆನ್. ಕಾಫಿಗೆ ಸಕ್ಕರೆ ಕೇಳುವಾಗಲೂ ಅದೇ. ಹೆಂಡತಿ ಶೈಲಾ ಧಾರವಾಡದವಳು. “ಚಂದಂಗ ಒಂಚೂರು ಅನ್ರಿ, ಇಲ್ಲಾಂದ್ರ ಸಕ್ರಿ ಇಲ್ಲ” ಎಂದು ಡಬ್ಬಿ ಮುಚ್ಚುತ್ತಿದ್ದಳು.

ಒಮ್ಮೆ ಕೀಲಿ ಮರೆತು ಹೊರಗುಳಿದ ಶೈಲಾಳನ್ನು ಅಜ್ಜಿ ಮಧ್ಯಾಹ್ನವಿಡೀ ತಮ್ಮ ಮನೆಯಲ್ಲಿ ಕೂರಿಸಿಕೊಂಡು, ಬಿಸಿನೀರು, ಕಡಲೆಬೀಜ ಕೊಟ್ಟು ಉಪಚರಿಸಿದರು. ಹಾಗಾಗಿ ಅವರನ್ನು ಭಾನುವಾರ ಊಟಕ್ಕೆ ಕರೆದೆವು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ಅಜ್ಜಿಗೆ ಊಟ ಸೇರದಿದ್ದರೆ ತವರಿನ ಮಾನವೇ ಹೋದಂತೆ ಎಂದು ಶೈಲಾ ಬೆಳಗಿನಿಂದ ಚಡಪಡಿಸುತ್ತಿದ್ದಳು.

ಶೈಲಾ ಎರಡನೇ ಹೋಳಿಗೆ ಬಡಿಸಹೊರಟಾಗ ಅಜ್ಜಿ ತಟ್ಟೆಗೆ ಕೈ ಅಡ್ಡ ಹಿಡಿದು “ಈದ್ಯೆನ್, ಈದ್ಯೆನ್” ಎಂದರು.

“ಏನಂತ್ರೀ?” ಶೈಲಾ ನನ್ನತ್ತ ನೋಡಿದಳು.

“ಸಂಕೋಚ ಅವರಿಗೆ. ಸ್ವಲ್ಪ ಸಾಕು ಅಂತ ಕೈ ಅಡ್ಡ ಇಟ್ಟೋರನ್ನ ನಾವು ಬಿಡ್ತೀವಾ? ಹಾಕು ಹಾಕು.”

ಇಡೀ ಹೋಳಿಗೆ ಬಿತ್ತು, ಮೇಲೆ ತುಪ್ಪ. ಅಜ್ಜಿ ಮರ್ಯಾದೆಗೆ ತಿಂದರು. ಮತ್ತೊಂದು ಬಿತ್ತು. ಅದರಲ್ಲಿ ಅರ್ಧ ಉಳಿಸಿ, ತಟ್ಟೆ ಸರಿಸಿ, ಕುರ್ಚಿಗೆ ಒರಗಿದರು. ಶೈಲಾಳ ಮುಖ ಬಾಡಿತು. “ಸೇರಲಿಲ್ಲ ನೋಡ್ರಿ. ಬಿಟ್ಟಾರ.”

ದುಭಾಷಿಯ ಗಾಂಭೀರ್ಯದಿಂದ ನಾನು ಹೋಳಿಗೆ ತೋರಿಸಿ, ಒಂಚೂರಾದರೂ ಹಿಡಿಸಿತೇ ಎಂಬರ್ಥದಲ್ಲಿ, “ಈದ್ಯೆನ್?” ಎಂದೆ. ಇನ್ನೂ ಒಂಚೂರು ಬಡಿಸಲೇ ಎಂದು ಕೇಳಿಸಿತೇನೋ, ಅಜ್ಜಿ ಬೆಚ್ಚಿ ಎದ್ದರು. ಬಾಗಿಲು ತೆರೆದು ನಡೆದೇಬಿಟ್ಟರು.

“ಓಡಿಸಿಬಿಟ್ರಲ್ರೀ!”

ಅಷ್ಟರಲ್ಲಿ ಅಜ್ಜಿ ವಾಪಸ್ಸು ಬಂದರು, ಕೈಯಲ್ಲೊಂದು ದೊಡ್ಡ ಡಬ್ಬಿ. ಅರ್ಧ ಹೋಳಿಗೆ ಅದರೊಳಗೆ ಹೋಯಿತು. ಆಮೇಲೆ ನೇರ ಅಡುಗೆಮನೆಗೆ ನುಗ್ಗಿ, ತಾವೇ ಇನ್ನೂ ನಾಲ್ಕು ಹೋಳಿಗೆ, ಎಣ್ಣೆಗಾಯಿ ತುಂಬಿಕೊಂಡು, ಹೊಟ್ಟೆ ತಟ್ಟಿ, ‘ನಾಳೆಗೆ’ ಎಂಬಂತೆ ಕೈ ಬೀಸಿದರು. ಶೈಲಾ ನಕ್ಕಿದ್ದೇ ನಕ್ಕಿದ್ದು. ಅಲ್ಲಿಂದ ಅವಳು ಧಾರವಾಡದ ಕನ್ನಡದಲ್ಲಿ, ಅಜ್ಜಿ ಚೀನೀ ಭಾಷೆಯಲ್ಲಿ, ಒಬ್ಬರಿಗೊಬ್ಬರು ಕಾಯದೆ ಹರಟಿದರು.

“ಏನಂತಿದಾರೆ?” ಎಂದು ಬಾಗಿಲಲ್ಲಿ ನಿಂತು ಕೇಳಿದೆ.

“ಬರೋ ಶನಿವಾರ ಅವರ ಮನ್ಯಾಗ ಊಟಂತ. ನೀವೂ ಬರ್ರಿ. ಆದ್ರ ಅಲ್ಲಿ ಬಾಯಿ ಊಟಕ್ಕಷ್ಟ ತೆರೀರಿ.”

ಅಜ್ಜಿ ಗಂಭೀರವಾಗಿ ತಲೆಯಾಡಿಸಿದರು. ಅವರಿಗೆ ಕನ್ನಡ ಎಷ್ಟು ಅರ್ಥವಾಯಿತೋ ತಿಳಿಯದು. ನಾನು ಮಾತ್ರ ಅವರಿಗೆ ಪೂರ್ತಿ ಅರ್ಥವಾಗಿದ್ದೆ.