ಶುಕ್ರವಾರ ಕಳಿಸಬಾರದ ಪೆಟ್ಟಿಗೆಗಳು

"ನೋಡೇ, ಇನ್ಮೇಲೆ ನೀನು ಫೋನ್ ಮುಟ್ಟೋ ಹಾಗೇ ಇಲ್ಲ!" ಎನ್ನುತ್ತ ವೃಷಭೇಂದ್ರಪ್ಪ ಹಿಟ್ಟು ಮೆತ್ತಿದ ಮಣೆಯ ಮೇಲೆಯೇ ಲ್ಯಾಪ್‌ಟಾಪ್ ಇಟ್ಟರು.

ದಾಕ್ಷಾಯಣಮ್ಮನಿಗೆ ಆ "ಇನ್ಮೇಲೆ" ಕೇಳಿದರೇ ಭಯ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಗಂಡನ ಎಲ್ಲ ಕಿತಾಪತಿಗಳೂ ಆ ಮಾತಿನಿಂದಲೇ ಶುರುವಾಗಿದ್ದವು. ತಿಪಟೂರಿನಲ್ಲಿ ಆಕೆಯ ಹೋಳಿಗೆಗೆ ಒಳ್ಳೆ ಹೆಸರು. ಈ ಸಲ ಉಮಾಪತಿ ಮೇಷ್ಟ್ರು ಮೊಮ್ಮಗಳ ನಾಮಕರಣಕ್ಕೆ ಹೋಳಿಗೆ ಬೇಕೆಂದಿದ್ದರು. ಎಷ್ಟು ಅಂತ ಶುಕ್ರವಾರ ಫೋನಿನಲ್ಲಿ ಹೇಳುವುದೊಂದೇ ಬಾಕಿ. ಅಷ್ಟು ದೊಡ್ಡ ಆರ್ಡರು ಆಕೆಗೆ ಅದೇ ಮೊದಲು.

"ಇದು ಕ್ಲೌಡ್ ಕಣೇ. ಎಲ್ಲೋ ದೂರದಲ್ಲಿರೋ ಬಾಡಿಗೆ ಕಂಪ್ಯೂಟರು, ಪ್ರಯೋಗಕ್ಕೆ ಅಂತ ತಗೊಂಡಿದೀನಿ. ಅದರೊಳಗೆ ಕಂಟೇನರು, ಅಂದ್ರೆ ಪೆಟ್ಟಿಗೆ ಇದ್ದ ಹಾಗೆ. ಒಂದೊಂದರಲ್ಲೂ ನಿನ್ನ ದನೀಲೇ ಮಾತಾಡಿ ಫೋನ್ ಆರ್ಡರ್ ತಗೊಳ್ಳೋಳು ಒಬ್ಬಳು. ಇವರನ್ನೆಲ್ಲ ನೋಡ್ಕೊಳ್ಳೋಕೆ ಒಬ್ಬ ಮೇಸ್ತ್ರಿ ಪ್ರೋಗ್ರಾಂ! ಯಾವಳಾದ್ರೂ ಹತ್ತು ಎಣಿಸೋವರೆಗೂ ಸುಮ್ಮನಿದ್ರೆ ಕೆಟ್ಟುಹೋದಳು ಅಂತ ಆಚೆ ಕಳಿಸಿ, ಇನ್ನೊಬ್ಬಳನ್ನ ಕೂರಿಸ್ತಾನೆ."

"ಶುಕ್ರವಾರಾನೂ ಕಳಿಸ್ತಾನಾ?"

"ಅವನಿಗ್ಯಾವ ವಾರ?"

"ನನ್ನ ದನಿ ಅಂದ್ಮೇಲೆ ಹೆಣ್ಣುಮಕ್ಕಳು ತಾನೆ? ಶುಕ್ರವಾರ ಯಾರಾದ್ರೂ ಹೆಣ್ಣುಮಕ್ಕಳನ್ನ ಮನೆಯಿಂದ ಕಳಿಸ್ತಾರೇನ್ರಿ? ನಿಮ್ಮಮ್ಮ ನನ್ನನ್ನ ಒಂದೇ ಒಂದು ಶುಕ್ರವಾರ ತೌರಿಗೆ ಕಳಿಸಿದ್ರಾ?"

ವೃಷಭೇಂದ್ರಪ್ಪ ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡರು. ಶುಕ್ರವಾರ ಯಾರನ್ನೂ ಕಳಿಸಕೂಡದು ಎಂದು ಮೇಸ್ತ್ರಿಗೆ ಬರೆದರು. ಗಂಡ ಕದ್ದು ತಿದ್ದಿಯಾರೆಂದು ದಾಕ್ಷಾಯಣಮ್ಮ ಅದಕ್ಕೆ ಶನಿವಾರ ಬೆಳಗಿನವರೆಗೆ ಯಾರೂ ತೆರೆಯಲಾಗದ ಬೀಗವನ್ನೂ ಹಾಕಿಸಿದರು!

ಶುಕ್ರವಾರ ಹತ್ತು ಗಂಟೆಗೆ ಮೇಷ್ಟ್ರ ಫೋನು ಬಂತು.

"ಎಷ್ಟು ಹೋಳಿಗೆ ಬೇಕು ಮೇಷ್ಟ್ರೇ?" ಪೆಟ್ಟಿಗೆಯ ದಾಕ್ಷಾಯಣಿ ಕೇಳಿದಳು.

"ಹೇಳ್ತೀನಮ್ಮ. ನಮ್ಮಜ್ಜಿ ಕಾಲದಲ್ಲಿ ಏನಾಗಿತ್ತು ಅಂದ್ರೆ..."

ಹಿರಿಯರು ಮಾತಾಡುವಾಗ ಅವಳು ಬಾಯಿ ಹಾಕುವವಳಲ್ಲ. ಸುಮ್ಮನೆ ಕೇಳಿದಳು. ಮೇಸ್ತ್ರಿ ಹತ್ತು ಎಣಿಸಿದ, ಕೆಟ್ಟುಹೋದಳು ಎಂದುಕೊಂಡ. ಕಳಿಸುವಂತಿಲ್ಲ. ಅವಳ ಫೋನ್ ಕತ್ತರಿಸಿ, ಅವಳನ್ನು ಇದ್ದಲ್ಲೇ ಬಿಟ್ಟು ಇನ್ನೊಬ್ಬಳನ್ನು ಕೂರಿಸಿದ. ಹೊಸಬಳಿಗೆ ಕಂಡದ್ದು ಅರ್ಧಕ್ಕೆ ನಿಂತ ಆರ್ಡರು. ತಕ್ಷಣ ಮೇಷ್ಟ್ರಿಗೆ ಫೋನ್ ಹಚ್ಚಿದಳು.

"ಈಗ ತಾನೇ ಮಾತಾಡ್ತಿದ್ದೆನಲ್ಲಮ್ಮ! ಇರಲಿ, ಎಲ್ಲಿಗೆ ಬಂದಿದ್ದೆ? ಹಾಂ, ನಮ್ಮಜ್ಜಿ ಕಾಲದಲ್ಲಿ..."

ಮೇಸ್ತ್ರಿ ಮತ್ತೆ ಹತ್ತು ಎಣಿಸಿದ.

ಮೂವತ್ತನಾಲ್ಕನೆಯವಳು ಫೋನ್ ಮಾಡಿದಾಗ ಮೇಷ್ಟ್ರು ಮೊಬೈಲನ್ನೇ ಆಫ್ ಮಾಡಿದರು. ಅಷ್ಟರಿಂದ ಮುಗಿಯಲಿಲ್ಲ! ಮೇಷ್ಟ್ರು ಸಿಗದೆ ದಾಕ್ಷಾಯಣಿಯರು ಒಬ್ಬರಿಗೊಬ್ಬರು ಫೋನ್ ಮಾಡಿ ತಾವು ಕೇಳಿದಷ್ಟು ಕತೆ ಹೇಳಿಕೊಂಡರು. ಒಬ್ಬಳು ಮಾತಾಡಿದರೆ ಇನ್ನೊಬ್ಬಳು ಮರ್ಯಾದೆಯಿಂದ ಸುಮ್ಮನೆ ಕೇಳುವಳು. ಮೇಸ್ತ್ರಿ ಎಣಿಸುವನು. ಹನ್ನೆರಡರ ಹೊತ್ತಿಗೆ ಇನ್ನೂರು ಜನ!

"ಕಿತ್ತುಹಾಕ್ರೀ ಅದನ್ನ!"

"ಬೀಗ ಹಾಕಿಸಿದ್ದು ಯಾರು?"

ಅಷ್ಟರಲ್ಲಿ ಮೇಷ್ಟ್ರೇ ಬಾಗಿಲಿಗೆ ಬಂದರು, ಮುಖ ಕೆಂಡ. "ನೋಡಮ್ಮ, ಹೋಳಿಗೆ ನಾನು ಬೇರೆ ಕಡೆ ಹೇಳ್ತೀನಿ!"

ದಾಕ್ಷಾಯಣಮ್ಮ ಕೈಯಲ್ಲಿದ್ದ ಕಣಕದ ಉಂಡೆಯನ್ನು ಕೆಳಗಿಟ್ಟರು. ಏನೂ ತೋಚದೆ "ಒಂದು ಲೋಟ ಮಜ್ಜಿಗೆ ಕುಡ್ದಾದ್ರೂ ಹೋಗಿ ಮೇಷ್ಟ್ರೇ" ಎಂದರು. ಅದೇ ಹೊತ್ತಿಗೆ ಲ್ಯಾಪ್‌ಟಾಪಿನ ದನಿ ಕೇಳಿಸಿತು.

"...ಆಗ ಮೇಷ್ಟ್ರ ಅಜ್ಜಿ ಬೆಲ್ಲ ಸಾಲದೆ ಪಕ್ಕದ ಮನೆಗೆ ಓಡಿದರಂತೆ ಕಣೇ."

"ಅಯ್ಯೋ! ಆಮೇಲೆ?"

ಮೇಷ್ಟ್ರು ಚಪ್ಪಲಿ ಮೆಟ್ಟಲು ಹೋದವರು ನಿಂತರು. ಒಬ್ಬಳು ಮುಗಿಸಿದ್ದನ್ನು ಇನ್ನೊಬ್ಬಳು ಒಂದು ಅಕ್ಷರವೂ ಬಿಡದೆ ಮೂರನೆಯವಳಿಗೆ ಹೇಳುತ್ತಿದ್ದಳು. ಮೇಷ್ಟ್ರು ಮಜ್ಜಿಗೆ ಹಿಡಿದು ನಿಧಾನವಾಗಿ ಕುರ್ಚಿ ಎಳೆದುಕೊಂಡರು.

"ನಮ್ಮನೇಲಿ ಈ ಕತೆ ಬೆಲ್ಲದವರೆಗೂ ಯಾರೂ ಕೇಳಿಲ್ಲಮ್ಮ," ಎಂದರು. ಸಂಜೆಯವರೆಗೂ ಕೂತರು. ಎದ್ದು ಹೊರಡುವಾಗ, "ಆರು ನೂರು ಇರಲಿ. ಭಾನುವಾರ ಹತ್ತಕ್ಕೆ," ಎಂದು ಹೇಳಿಹೋದರು.

ಶನಿವಾರ ಬೆಳಿಗ್ಗೆ ಬೀಗ ತೆರೆಯಿತು. ಮೇಸ್ತ್ರಿ ಒಬ್ಬಳನ್ನೂ ಉಳಿಸದೆ ಎಲ್ಲರನ್ನೂ ಕಳಿಸಿದ.

"ಕೊನೆಗೆ ಎಷ್ಟು ಜನ ಆಗಿದ್ರು ಗೊತ್ತೇನೇ? ಸಾವಿರದ ಹನ್ನೆರಡು!" ವೃಷಭೇಂದ್ರಪ್ಪ ಹೆಮ್ಮೆಯಿಂದ ಹೇಳಿದರು.

ದಾಕ್ಷಾಯಣಮ್ಮ ಬೇಳೆಯ ಮೊರವನ್ನು ಗಂಡನ ತೊಡೆಯ ಮೇಲಿಟ್ಟರು. "ಸಾವಿರ ಜನ ಇದ್ರಲ್ಲ ರೀ, ಕಲ್ಲು ಆರಿಸೋಕೆ ಒಬ್ಬಳಾದ್ರೂ ಬಂದ್ಳಾ?"